ಯಾವ ರಾಷ್ಟ್ರಗೀತೆ ಕೇಳಿದಾಗ ನಿಮ್ಮ ಮೈ ಜುಮ್ಮೆಂದಿತ್ತು? ಮಕ್ಕಳಿಗೆ ಕಲಿಸಬೇಕು, ಅನುಭವ ಹೇಳಿ

ತಿಪಟೂರು ಕಡೆಯ ಟೀಚರ್ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ಶಾಲೆಯಲ್ಲಿ ಸಮಾಜ ವಿಜ್ಞಾನ ಹೇಳಿಕೊಡುತ್ತೇನೆ. ಸಂಗೀತ ಅಷ್ಟಕ್ಕಷ್ಟೇ. ಶ್ರುತಿ ಹಾಕಿಕೊಂಡು ಒಂದು ದೇವರನಾಮ ಹಾಡುವಷ್ಟು ಬರುತ್ತೆ. ಅಕ್ಟೋಬರ್ 24 ವಿಶ್ವಸಂಸ್ಥೆ ದಿನ. ಆವತ್ತು ಆರು ಮತ್ತು ಏಳನೇ ಕ್ಲಾಸಿನ 32 ಮಕ್ಕಳ ಕೈಲಿ ನಮ್ಮ ರಾಷ್ಟ್ರಗೀತೆ ಜೊತೆಗೆ ಬೇರೆ ಎರಡು ದೇಶದ್ದೂ ಹಾಡಿಸಿ ಅಂತ ಹೆಡ್‌ಮಾಸ್ಟರ್ ಹೇಳಿದ್ದಾರೆ. ಮೊಬೈಲಿನಲ್ಲಿ ಇಪ್ಪತ್ತು ದೇಶದ ಗೀತೆ ಹಾಕಿ ಕೇಳಿದೆ. ಹತ್ತು ಮುಗಿಯುವಷ್ಟರಲ್ಲಿ ಎಲ್ಲವೂ ಮದುವೆ ದಿಬ್ಬಣದ ಬ್ಯಾಂಡ್‌ಸೆಟ್ ಥರಾನೇ ಕೇಳಿಸಿತು.

ನಿಜ ಹೇಳಬೇಕೆಂದರೆ ನನ್ನ ಚಿಂತೆ ಬೇರೆಯದ್ದೇ. ದಿನಾ ಬೆಳಿಗ್ಗೆ ನಮ್ಮ ಮಕ್ಕಳು ಜನಗಣಮನವನ್ನು ಹದಿಮೂರರ ಮಗ್ಗಿ ಒಪ್ಪಿಸಿದ ಹಾಗೆ ಒಪ್ಪಿಸುತ್ತಾರೆ. ಮೊನ್ನೆ 'ಉಚ್ಛಲ ಜಲಧಿ ತರಂಗ' ಅನ್ನುವಾಗ ಒಬ್ಬ ಹುಡುಗ ಮುಂದೆ ನಿಂತವನ ಕಾಲರಿಗೆ ಹುಲ್ಲುಕಡ್ಡಿ ಸಿಕ್ಕಿಸುತ್ತಿದ್ದ. ಗದರೋಕೆ ಬಾಯಿ ತೆರೆದೆ. ಅಷ್ಟರಲ್ಲಿ ಹೊಳೆಯಿತು, ನಾನೂ ಆಗ ಬಿಸಿಯೂಟಕ್ಕೆ ಬೇಳೆ ಸಾಕಾಗುತ್ತಾ ಅಂತ ಲೆಕ್ಕ ಹಾಕುತ್ತಿದ್ದೆ.

ಹಾಗಾಗಿ ಕೇಳುತ್ತಿದ್ದೇನೆ. ನಿಮಗೆ ಯಾವ ದೇಶದ ಗೀತೆ, ಎಲ್ಲಿ ನಿಂತಿದ್ದಾಗ ತಟ್ಟಿತು? ಮಕ್ಕಳ ಬಾಯಿಗೆ ಯಾವುದು ಸುಲಭ?

ಕಾರ್ಡಿಫ್‌ನಲ್ಲಿರುವ ಡಾಕ್ಟರ್:

ಮೇಡಂ, ವೇಲ್ಸ್‌ದು ಕಲಿಸಿ. 'ಹೆನ್ ವ್ಲಾದ್ ವ ನ್ಹಾದೈ', ಅಂದರೆ 'ನನ್ನ ಹಿರಿಯರ ಹಳೆಯ ನಾಡು'. ವೇಲ್ಸ್ ಬ್ರಿಟನ್ನಿನೊಳಗಿನ ನಾಡು, ಈ ಗೀತೆಗೆ ಕಾನೂನಿನ ಮುದ್ರೆಯೂ ಇಲ್ಲ. ಆದರೂ ಇಲ್ಲಿಯವರಿಗೆ ರಾಷ್ಟ್ರಗೀತೆ ಅಂದರೆ ಇದೇ.

ನಾನು ಹಾಸನದವನು. ಇಲ್ಲಿಗೆ ಬಂದ ಮೊದಲ ವರ್ಷ ಆಸ್ಪತ್ರೆಯ ಒಬ್ಬ ನರ್ಸ್ ರಗ್ಬಿ ಮ್ಯಾಚಿನ ಟಿಕೆಟ್ ಕೊಟ್ಟರು. ಅವರ ಗಂಡನಿಗೆ ಜ್ವರ, ಟಿಕೆಟ್ ದಂಡ ಆಗಬಾರದು ಅಂತ ಅಷ್ಟೇ. ರಗ್ಬಿ ನನಗೆ ಆಗಲೂ ಅರ್ಥವಾಗಲಿಲ್ಲ, ಈಗಲೂ ಅಷ್ಟೇ. ಸುಮಾರು 74 ಸಾವಿರ ಜನ ಹಿಡಿಯುವ ಸ್ಟೇಡಿಯಂ. ಮಳೆ ಅಂತ ಮೇಲಿನ ಚಾವಣಿ ಮುಚ್ಚಿದ್ದರು. ಪಕ್ಕದಲ್ಲಿ ಒಬ್ಬ ಅಜ್ಜ. ಅರ್ಧ ಗಂಟೆಯಿಂದ ಬಿಯರ್ ಹಿಡಿದುಕೊಂಡು ರೆಫರಿಯನ್ನು ಬೈಯುತ್ತಿದ್ದರು, ಮ್ಯಾಚ್ ಇನ್ನೂ ಶುರುವಾಗಿರಲಿಲ್ಲ! ಗೀತೆ ಶುರುವಾಯಿತು ನೋಡಿ, ಲೋಟ ಕೆಳಗಿಟ್ಟು ಟೋಪಿ ತೆಗೆದರು. 'ಗ್ವ್ಲಾದ್, ಗ್ವ್ಲಾದ್' ಅಂತ ಪಲ್ಲವಿ ಬರುತ್ತೆ, 'ನಾಡು, ನಾಡು' ಅಂತ ಅರ್ಥ. ಅಷ್ಟೂ ಜನ ಒಟ್ಟಿಗೆ ಎತ್ತಿಕೊಂಡಾಗ ಕಾಲ ಕೆಳಗಿನ ಕಾಂಕ್ರೀಟ್ ನಡುಗಿದ್ದು ಗೊತ್ತಾಯಿತು. ಅಜ್ಜನ ಗಲ್ಲದ ಮೇಲೆ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲೂ ಇಲ್ಲ.

ಮುಗಿದ ಮೇಲೆ ಕೊನೆ ಸಾಲಿನ ಅರ್ಥ ಏನು ಅಂತ ಕೇಳಿದೆ. 'ಹಳೆಯ ಭಾಷೆ ಉಳಿಯಲಿ ಅಂತ' ಅಂದರು. 'ನಿಮಗೆ ವೆಲ್ಷ್ ಬರುತ್ತಾ?' ಅಂದೆ. 'ಇಲ್ಲ, ನನ್ನ ಅಮ್ಮನಿಗೆ ಬರುತ್ತಿತ್ತು' ಅಂದರು. ನನಗೆ ಮಾತು ಹೊರಡಲಿಲ್ಲ. ಮನೆಯಲ್ಲಿ ಐದು ವರ್ಷದ ಮಗಳಿದ್ದಳು, ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಹೇಳುವವಳು.

2021ರ ಜನಗಣತಿ ಪ್ರಕಾರ ಇಲ್ಲಿ ವೆಲ್ಷ್ ಬಲ್ಲವರು ಐದರಲ್ಲಿ ಒಬ್ಬರಿಗೂ ಕಮ್ಮಿ. ಆದರೆ ಈ ಗೀತೆಯನ್ನು ಮಾತ್ರ ಎಲ್ಲರೂ ವೆಲ್ಷ್‌ನಲ್ಲೇ ಹಾಡುತ್ತಾರೆ. 1856ರಲ್ಲಿ ಪಾಂಟಿಪ್ರಿದ್ ಊರಿನ ಅಪ್ಪ ಮಗ ಸೇರಿ ಕಟ್ಟಿದ ಹಾಡು ಇದು. ಅಪ್ಪ ಇವಾನ್ ಜೇಮ್ಸ್ ನೇಕಾರ, ಮಾತು ಬರೆದರು. ಮಗ ಜೇಮ್ಸ್ ಜೇಮ್ಸ್ ಹಾರ್ಪ್ ನುಡಿಸುತ್ತಿದ್ದವರು, ರಾಗ ಹಾಕಿದರು. ಇನ್ನೊಂದು ಕತೆ ನಿಮ್ಮ ಹುಡುಗರಿಗೆ ಖಂಡಿತ ಹಿಡಿಸುತ್ತೆ. 1905ರಲ್ಲಿ ನ್ಯೂಜಿಲೆಂಡ್ ರಗ್ಬಿ ತಂಡ ಇಲ್ಲಿಗೆ ಬಂದು ಕಾಲು ಕುಟ್ಟಿ 'ಹಾಕಾ' ಅನ್ನೋ ತಮ್ಮ ನಾಡಿನ ಕುಣಿತ ಹಾಕಿತು. ಅದಕ್ಕೆ ಜವಾಬಾಗಿ ವೇಲ್ಸ್ ಆಟಗಾರರು ಈ ಹಾಡು ಎತ್ತಿದರು, ಇಡೀ ಮೈದಾನ ಸೇರಿಕೊಂಡಿತು. ವೇಲ್ಸ್ 3–0 ಗೆದ್ದಿತು. ಆಟದ ಮೈದಾನದಲ್ಲಿ ಗೀತೆ ಹಾಡುವ ರೂಢಿ ಅಲ್ಲಿಂದಲೇ ಬಂತು ಅಂತ ಇಲ್ಲಿಯವರು ಎದೆ ತಟ್ಟಿ ಹೇಳುತ್ತಾರೆ.

ಮ್ಯಾಡ್ರಿಡ್‌ನಿಂದ:

ಸುಲಭದ್ದು ಬೇಕಾದರೆ ಸ್ಪೇನ್ ತಗೊಳ್ಳಿ ಮೇಡಂ. ಅದಕ್ಕೆ ಅಧಿಕೃತವಾಗಿ ಮಾತೇ ಇಲ್ಲ, ಬರೀ ರಾಗ. 2008ರಲ್ಲಿ ಮಾತು ಹಾಕಲು ಹೋಗಿ ಜನ ಗಲಾಟೆ ಮಾಡಿದ್ದಕ್ಕೆ ಬಿಟ್ಟುಬಿಟ್ಟರು. ಆಟಗಾರರು ಬಾಯಿ ಮುಚ್ಚಿಕೊಂಡು ನಿಂತಿರುತ್ತಾರೆ. ಕಂಠಪಾಠದ ಕಾಟವೇ ಇಲ್ಲ.

ಮೈಸೂರಿನ ಸಂಗೀತ ಮೇಷ್ಟ್ರು:

ಮೊದಲು ನಮ್ಮದನ್ನು ಸರಿ ಮಾಡಿಕೊಳ್ಳೋಣಮ್ಮ. ನಲವತ್ತು ವರ್ಷದಿಂದ ಶಾಲೆಗಳಲ್ಲಿ ಪಾಠ ಹೇಳಿದ್ದೇನೆ. ಮಕ್ಕಳು ಮಗ್ಗಿ ಥರ ಹಾಡೋದಕ್ಕೆ ಅರ್ಧ ಕಾರಣ ಶ್ರುತಿ. 'ಶುರೂ ಕರ್' ಅಂದ ತಕ್ಷಣ ಮುಂದೆ ನಿಂತ ಹುಡುಗಿ ಹೆದರಿಕೆಯಲ್ಲಿ ಮೇಲಿನ ಶ್ರುತಿಯಲ್ಲಿ ಎತ್ತಿಬಿಡುತ್ತಾಳೆ. 'ಜನಗಣಮನ' ಕೆಳಗಿನ ಷಡ್ಜದಿಂದ, ಅಂದರೆ 'ಸ' ಸ್ವರದಿಂದ ಶುರುವಾಗುತ್ತೆ, ಆಗ ಏನೂ ತೊಂದರೆ ಗೊತ್ತಾಗಲ್ಲ. ಮೊದಲ 'ಜಯ ಹೇ' ಮೇಲಿನ ಷಡ್ಜ ಮುಟ್ಟುತ್ತಲ್ಲ, ಅಲ್ಲಿ ಬಣ್ಣ ಬಯಲಾಗುತ್ತೆ. ಅರ್ಧ ಮಕ್ಕಳು ಕಿರುಚುತ್ತಾರೆ, ಅರ್ಧ ಮಕ್ಕಳು ಬಾಯಿ ಮಾತ್ರ ಆಡಿಸುತ್ತಾರೆ. ಬೇಗ ಮುಗಿದರೆ ಸಾಕು ಅನ್ನೋ ಓಟ ಶುರುವಾಗುತ್ತೆ.

ನೀವು ಉಲ್ಟಾ ಮಾಡಿ. ಮೊದಲು ಆ 'ಜಯ ಹೇ' ಒಂದನ್ನೇ ಹಾಡಿಸಿ. ಮಕ್ಕಳಿಗೆ ಗಂಟಲು ಎಲ್ಲಿ ಆರಾಮವಾಗಿದೆ ನೋಡಿ. ಅಲ್ಲಿಂದ ಒಂದು ಸ್ಥಾಯಿ, ಅಂದರೆ ಮೇಲಿನ 'ಸ'ದಿಂದ ಕೆಳಗಿನ 'ಸ'ಕ್ಕೆ ಇಳಿದರೆ ನಿಮ್ಮ ಷಡ್ಜ. ಹಾರ್ಮೋನಿಯಂನಲ್ಲಿ ಆ ಸ್ವರದ ಮನೆಗೆ (ಕೀಗೆ) ಒಂದು ಚೂರು ಸ್ಟಿಕರ್ ಅಂಟಿಸಿ. ದಿನಾ ಹಾಡು ಎತ್ತುವ ಮುಂಚೆ ಹತ್ತು ಸೆಕೆಂಡ್ ಆ ಸ್ವರ ಕೇಳಿಸಿ. ಅಷ್ಟೇ.

ಇನ್ನೊಂದು. ಆ ಮೂರು 'ಜಯ ಹೇ'ಗಳು ಒಂದೊಂದೇ ಮೆಟ್ಟಿಲು ಇಳಿಯುತ್ತವೆ. ಆಮೇಲೆ 'ಜಯ ಜಯ ಜಯ ಜಯ ಹೇ' ಮತ್ತೆ ತಳದಿಂದ ಏರುತ್ತೆ. ಕೊನೆಗೆ ಷಡ್ಜಕ್ಕೆ ಬಂದು ಕೂರಲ್ಲ, ಮಧ್ಯಮದಲ್ಲೇ, ಅಂದರೆ 'ಮ' ಸ್ವರದಲ್ಲೇ ನಿಂತುಬಿಡುತ್ತೆ. ಇದನ್ನು ಕೈಯಲ್ಲಿ ಮೆಟ್ಟಿಲು ತೋರಿಸುತ್ತಾ ಹೇಳಿಕೊಡಿ. ಮಕ್ಕಳಿಗೆ ಆಟದ ಥರ ಆಗುತ್ತೆ, ಹುಲ್ಲುಕಡ್ಡಿ ಮರೆಯುತ್ತಾರೆ. ಅವಸರ ಬೇಡ, ನೇಮದ ಪ್ರಕಾರ ಸುಮಾರು 52 ಸೆಕೆಂಡ್ ಇದೆ. ಬಹಳ ಶಾಲೆಗಳಲ್ಲಿ ನಲವತ್ತಕ್ಕೇ ಮುಗಿಸುತ್ತಾರೆ, ಬಸ್ ತಪ್ಪುತ್ತೆ ಅನ್ನೋ ಹಾಗೆ.

ನನಗೆ ಮೈ ಜುಮ್ಮೆಂದ ಗೀತೆ ಕೇಳಿದಿರಿ. ಹೇಳಿದರೆ ಕೆಲವರು ಬೈಯಬಹುದು. ಅದು ಈಗ ಇಲ್ಲದ ರಾಜ್ಯದ ಗೀತೆ, ಮೈಸೂರು ಸಂಸ್ಥಾನದ 'ಕಾಯೌ ಶ್ರೀ ಗೌರಿ'. ಬಸಪ್ಪ ಶಾಸ್ತ್ರಿಗಳು ಬರೆದದ್ದು, ಧೀರ ಶಂಕರಾಭರಣ ರಾಗ. ನಮ್ಮ ತಂದೆ ಬ್ಯಾಂಡಿನಲ್ಲಿ ಕ್ಲಾರಿಯೊನೆಟ್ ನುಡಿಸುತ್ತಿದ್ದರು. ದಸರಾ ಬಂತೆಂದರೆ ಮನೆಯ ಹಿತ್ತಲಿನಲ್ಲಿ ಹುಣಸೆಹಣ್ಣು ಹಾಕಿ ಹಿತ್ತಾಳೆ ಗುಂಡಿ ತಿಕ್ಕುತ್ತಾ ಇದನ್ನೇ ಗುನುಗುತ್ತಿದ್ದರು. ರಾಜರಿಗೆ ಬರೆದ ಹಾಡು, ಇರಬಹುದು. ನನಗೆ ಕೇಳಿಸೋದು ಮಾತ್ರ ಅಪ್ಪನ ಉಸಿರು.

ದಾವಣಗೆರೆಯಿಂದ ಒಬ್ಬರು:

ನಮ್ಮ ನಾಡಗೀತೆಯನ್ನೇ ಅರ್ಧ ಮಕ್ಕಳು ತಪ್ಪಿಲ್ಲದೆ ಹಾಡಲ್ಲ. ಅದಕ್ಕೊಂದು ಧಾಟಿ ಅಂತ ತೀರ್ಮಾನ ಮಾಡೋಕೇ 2004ರಿಂದ 2022ರವರೆಗೆ ಬೇಕಾಯಿತು. ಈಗ ವೇಲ್ಸು ಗೀಲ್ಸು ಯಾಕೆ? ಬೇರೆ ದೇಶದ ಗೀತೆಗೆ ನಮ್ಮ ಮಕ್ಕಳು ಯಾಕೆ ನೆಟ್ಟಗೆ ನಿಲ್ಲಬೇಕು?

ಟೀಚರ್:

ಸರ್, ನಾಡಗೀತೆ ನಮ್ಮಲ್ಲಿ ದಿನಾ ಹಾಡುತ್ತೇವೆ, ಅನಂತಸ್ವಾಮಿಯವರ ಧಾಟಿಯಲ್ಲೇ, ಎರಡೂವರೆ ನಿಮಿಷ ಪೂರ್ತಿ. ಬೇರೆಯವರ ಮನೆಗೆ ಹೋದರೆ ಅವರ ದೇವರಿಗೂ ಕೈ ಮುಗಿಯಲ್ವಾ? ಅಷ್ಟೇ ಅಂದುಕೊಳ್ಳಿ. ಮೇಷ್ಟ್ರೇ, ಸ್ಟಿಕರ್ ನಾಳೆಯೇ ಅಂಟಿಸುತ್ತೇನೆ.

ಜೋಹಾನ್ಸ್‌ಬರ್ಗ್‌ನಿಂದ, ಗಣಿ ಎಂಜಿನಿಯರ್:

ದಾವಣಗೆರೆಯವರ ಪ್ರಶ್ನೆಗೆ ನನ್ನ ಹತ್ತಿರ ಒಂದು ಉತ್ತರ ಇದೆ. ದಕ್ಷಿಣ ಆಫ್ರಿಕಾದ ಗೀತೆ ಒಂದೇ, ಭಾಷೆ ಐದು: ಖೋಸಾ, ಜುಲು, ಸೆಸೋತೋ, ಆಫ್ರಿಕಾನ್ಸ್, ಇಂಗ್ಲಿಷ್. ಇಲ್ಲಿಯವರೇ ಒಬ್ಬರ ಗೀತೆಗೆ ಇನ್ನೊಬ್ಬರು ನೆಟ್ಟಗೆ ನಿಲ್ಲುವುದನ್ನು ಕಲಿಯಬೇಕಾಯಿತು.

ಮೊದಲ ಭಾಗ 'ನ್ಕೋಸಿ ಸಿಕೆಲೆಲ್ ಇಆಫ್ರಿಕಾ', 'ದೇವರೇ, ಆಫ್ರಿಕಾವನ್ನು ಹರಸು'. ಎನೋಕ್ ಸೊಂಟೊಂಗಾ ಅನ್ನೋ ಮೇಷ್ಟ್ರು 1897ರಲ್ಲಿ ತಮ್ಮ ಶಾಲೆಯ ಮಕ್ಕಳಿಗೆ ಅಂತ ಕಟ್ಟಿದ್ದು. ಹೌದು ಮೇಡಂ, ನಿಮ್ಮ ಥರದ ಶಾಲಾ ಮೇಷ್ಟ್ರೇ. ಮುಂದೆ ಅದು ವರ್ಣಭೇದದ ವಿರುದ್ಧ ಹೋರಾಡಿದವರ ಹಾಡಾಯಿತು. ಎರಡನೇ ಭಾಗ 'ದೀ ಸ್ಟೆಮ್', ಬಿಳಿಯರ ಆಳ್ವಿಕೆಯ ಕಾಲದ ರಾಷ್ಟ್ರಗೀತೆ. 1994ರಲ್ಲಿ ಮಂಡೇಲಾ ಬಂದಾಗ ಒಂದನ್ನು ಕಸದ ಬುಟ್ಟಿಗೆ ಹಾಕಬಹುದಿತ್ತು. ಹಾಕಲಿಲ್ಲ. ಮೊದಲು ಎರಡನ್ನೂ ಇಟ್ಟುಕೊಂಡರು, 1997ರಲ್ಲಿ ಎರಡನ್ನೂ ಮೊಟಕು ಮಾಡಿ ಹೊಲಿದರು. ಹೊಲಿಗೆ ಕಿವಿಗೆ ಗೊತ್ತಾಗುತ್ತೆ, ನಡುವೆ ಶ್ರುತಿಯೇ ಬದಲಾಗುತ್ತೆ. ಮೈಸೂರಿನ ಮೇಷ್ಟ್ರು ಕೇಳಿದರೆ ಮುಖ ಕಿವಿಚಬಹುದು.

ನಾನು ಇಲ್ಲಿಗೆ ಬಂದ ಹೊಸತರಲ್ಲಿ ಆಫೀಸಿನ ಒಂದು ಕಾರ್ಯಕ್ರಮದಲ್ಲಿ ನೋಡಿದ್ದು ಹೇಳುತ್ತೇನೆ. ನನ್ನ ಎಡಕ್ಕೆ ಒಬ್ಬರು ಹಿರಿಯ ಫೋರ್‌ಮನ್, ಕರಿಯರು. ಬಲಕ್ಕೆ ಸ್ಟೋರ್ ನೋಡಿಕೊಳ್ಳುವ ಆಫ್ರಿಕಾನರ್, ಅಂದರೆ ಆಫ್ರಿಕಾನ್ಸ್ ಮಾತಾಡುವ ಬಿಳಿಯರು, ಅವರಿಗೂ ಅದೇ ವಯಸ್ಸು. ಮೊದಲ ಭಾಗದಲ್ಲಿ ಎಡಗಡೆಯವರು ಮುಷ್ಟಿ ಎದೆಗಿಟ್ಟು ಕಣ್ಣು ಮುಚ್ಚಿ ಹಾಡಿದರು, ಬಲಗಡೆಯವರ ತುಟಿ ಸುಮ್ನೆ ಅಲ್ಲಾಡುತ್ತಿತ್ತು. ಆಫ್ರಿಕಾನ್ಸ್ ಸಾಲು ಬಂದ ತಕ್ಷಣ ಅದಲು ಬದಲು. ಇವರ ದನಿ ಏರಿತು, ಅವರು ಬಾಯಿ ಮುಚ್ಚಿ ನೆಲ ನೋಡುತ್ತಾ ನಿಂತರು. ಇಬ್ಬರ ನಡುವೆ ನಾನು, ಒಂದು ಪದವೂ ಬರದವನು. ಆದರೆ ಇಬ್ಬರಲ್ಲಿ ಯಾರೂ ಜಾಗ ಬಿಟ್ಟು ಕದಲಲಿಲ್ಲ. ಈಗ ನನ್ನ ಮಗ ಶಾಲೆಯಲ್ಲಿ ಐದೂ ಭಾಷೆಯನ್ನು ಒಂದೇ ಗಂಟಲಿನಲ್ಲಿ ಹಾಡುತ್ತಾನೆ. ಯಾವ ಸಾಲು ಯಾರದ್ದು ಅಂತ ಅವನಿಗೆ ಗೊತ್ತೂ ಇಲ್ಲ.

ಮಕ್ಕಳಿಗೆ ಪೂರ್ತಿ ಕಷ್ಟ. ಖೋಸಾದ ಮೊದಲ ಎರಡು ಸಾಲು ಮಾತ್ರ ಹಾಡಿಸಿ, ಮಿಕ್ಕದ್ದನ್ನು ಕತೆ ಹೇಳಿ.

ನೈರೋಬಿಯಿಂದ, ಅಂಗಡಿ ಇಟ್ಟುಕೊಂಡಿರುವ ಉಡುಪಿಯವರು:

ಬಾಯಿಗೆ ಸುಲಭ ಅಂದರೆ ಕೀನ್ಯಾದ್ದು ಮಾರ್ರೆ. ಸ್ವಾಹಿಲಿ ಪದ ಹೆಚ್ಚುಕಮ್ಮಿ ಎಲ್ಲ ನಮ್ಮ ಕನ್ನಡದ ಹಾಗೆ ಸ್ವರದಲ್ಲೇ ಮುಗಿಯುತ್ತದೆ. 'ಏ ಮುಂಗು ನ್ಗುವು ಯೆತು' ಅಂತ ಕನ್ನಡ ಅಕ್ಷರದಲ್ಲಿ ಬರೆದುಕೊಟ್ಟರೆ ನಿಮ್ಮ ಮಕ್ಕಳು ಒಂದೇ ದಿನಕ್ಕೆ ಓದುತ್ತಾರೆ. 'ಓ ದೇವರೇ, ನಮ್ಮ ಬಲವೇ' ಅಂತ ಅರ್ಥ.

ಇದರ ರಾಗ ಎಲ್ಲಿಂದ ಬಂತು ಗೊತ್ತುಂಟಾ? ತಾನಾ ನದಿ ದಂಡೆಯ ಪೊಕೊಮೊ ಜನರಲ್ಲಿ ತಾಯಂದಿರು ಮಗುವನ್ನು ಮಲಗಿಸಲು ಹಾಡುವ ಜೋಗುಳ. 1963ರಲ್ಲಿ ಸ್ವಾತಂತ್ರ್ಯ ಬಂದಾಗ ಅದನ್ನೇ ರಾಷ್ಟ್ರಗೀತೆ ಮಾಡಿಕೊಂಡರು. ಫಿರಂಗಿ, ರಕ್ತ, ಕತ್ತಿ ಇಲ್ಲ. ಫ್ರಾನ್ಸಿನದ್ದು ಕೇಳಿ, ವೈರಿಯ ರಕ್ತ ನಮ್ಮ ಗದ್ದೆ ತೋಯಿಸಲಿ ಅಂತ ಉಂಟು!

ನನ್ನದೊಂದು ಸಣ್ಣ ಅನುಭವ. ನಮ್ಮ ಅಂಗಡಿಯ ಹುಡುಗ ಒಬ್ಬ ಒಲಿಂಪಿಕ್ಸ್ ಓಟ ನೋಡುತ್ತಾ ಇದ್ದ. ಕೀನ್ಯಾದವ ಗೆದ್ದು ಪದಕ ಹಾಕಿಸಿಕೊಂಡಾಗ ಗೀತೆ ಬಂತು. ಹುಡುಗ ಅಕ್ಕಿ ಅಳೆಯುವುದನ್ನು ಬಿಟ್ಟು ಸೇರು ಕೈಯಲ್ಲಿ ಹಿಡಿದೇ ನಿಂತ. ಗಿರಾಕಿಗಳೂ ನಿಂತರು. ನಾನು ಕ್ಯಾಶ್ ಪೆಟ್ಟಿಗೆ ಹತ್ತಿರ ಕೂತವ, ನಾನೂ ಎದ್ದೆ. ಮೂವತ್ತು ವರ್ಷ ಇವರ ಅನ್ನ ಉಂಡಿದ್ದೇನೆ.

ಧಾರವಾಡದಿಂದ, ನಿವೃತ್ತ ಕನ್ನಡ ಮೇಷ್ಟ್ರು:

ನಾನು ಮಾಸ್ತರ್ ಮನುಷ್ಯ, ಸ್ವಲ್ಪ ಉದ್ದ ಆಗುತ್ತೆ, ತಡಕೊಳ್ಳಿ.

ಒಂದು ಗೀತೆ ನೆನಪಾದರೆ ನನಗೆ ಹೆಮ್ಮೆಗಿಂತ ಸಂಕಟ ಜಾಸ್ತಿ. ಶ್ರೀಲಂಕಾದ್ದು. ಬರೆದವರು ಆನಂದ ಸಮರಕೋನ್. ರವೀಂದ್ರನಾಥರ ಶಾಂತಿನಿಕೇತನದಲ್ಲಿ ಕಲಿತು ಬಂದವರು. ಅವರು ಬರೆದದ್ದು 'ನಮೋ ನಮೋ ಮಾತಾ' ಅಂತ. 1951ರಲ್ಲಿ ರಾಷ್ಟ್ರಗೀತೆಯಾಯಿತು. ಮರುವರ್ಷ ಪ್ರಧಾನಿ ಸೇನಾನಾಯಕೆ ಕುದುರೆಯಿಂದ ಬಿದ್ದು ತೀರಿಕೊಂಡರು. 1959ರಲ್ಲಿ ಪ್ರಧಾನಿ ಬಂಡಾರನಾಯಕೆ ಅವರ ಕೊಲೆಯಾಯಿತು. ಗೀತೆಯ ಮೊದಲ ಗಣವೇ (ಮೂರಕ್ಷರದ ಗುಂಪು) ಅಶುಭ, ದೇಶಕ್ಕೆ ಅದಕ್ಕೇ ಕೇಡು ಅಂತ ಗುಲ್ಲೆದ್ದಿತು.

ಛಂದಸ್ಸು ಓದಿದವರು ಲೆಕ್ಕ ಹಾಕಿ ನೋಡಿ. 'ನಮೋನ': ಲಘು, ಗುರು, ಲಘು. ಜಗಣ! ನಮ್ಮ ಹಳೆಯ ಲಾಕ್ಷಣಿಕರೂ ಕಾವ್ಯದ ಮೊದಲಿಗೆ ಜಗಣ ಬೇಡ ಅನ್ನುವವರೇ. 1961ರಲ್ಲಿ ಸರ್ಕಾರ ಮೊದಲ ಪದ ಬದಲಿಸಿ 'ಶ್ರೀಲಂಕಾ ಮಾತಾ' ಮಾಡಿತು. ಮೂರೂ ಗುರು, ಮಗಣ, ಶುಭ. ಲೆಕ್ಕ ಸರಿಯಾಯಿತು. ಆದರೆ ಬರೆದವರು ಒಪ್ಪಿರಲಿಲ್ಲ. ಮರುವರ್ಷ, 1962ರಲ್ಲಿ, ಅವರು ತಮ್ಮ ಜೀವ ತಾವೇ ತೆಗೆದುಕೊಂಡರು. ನಲವತ್ತು ವರ್ಷ ಮಕ್ಕಳಿಗೆ ಯಮಾತಾರಾಜಭಾನಸಲಗಂ ಅನ್ನೋ ಗಣಗಳ ಸೂತ್ರ ಬಾಯಿಪಾಠ ಮಾಡಿಸಿದ ನನಗೆ ಈ ಸಂಗತಿ ಗೊತ್ತಾದ ದಿನ ಊಟ ಸೇರಲಿಲ್ಲ.

ಅದೇ ಗೀತೆ ತಮಿಳಿನಲ್ಲೂ ಇದೆ. ಬಹಳ ವರ್ಷ ಸರ್ಕಾರಿ ಸಮಾರಂಭದಲ್ಲಿ ಅದಕ್ಕೆ ಜಾಗವಿರಲಿಲ್ಲ. 2016ರ ಫೆಬ್ರುವರಿ 4ರ ಸ್ವಾತಂತ್ರ್ಯ ದಿನ ಮತ್ತೆ ಹಾಡಿದರು. ಟಿವಿಯಲ್ಲಿ ನೋಡಿದೆ. ಅಲ್ಲಿಯ ತಮಿಳರಿಗೆ ಹೇಗಾಗಿರಬೇಕು!

ಇನ್ನು ನಿಮ್ಮ ಕ್ಲಾಸಿಗೆ ಒಂದು ವಿಷಯ. ಜನಗಣಮನ ಮೊದಲು ಹಾಡಿದ್ದು 1911ರ ಡಿಸೆಂಬರ್ 27, ಕಲ್ಕತ್ತಾ ಕಾಂಗ್ರೆಸ್ಸಿನಲ್ಲಿ. ಒಟ್ಟು ಐದು ನುಡಿ, ನಾವು ಹಾಡುವುದು ಒಂದೇ. ಬರೆದ ಕವಿ ರವೀಂದ್ರನಾಥರೇ ಅದನ್ನು ಇಂಗ್ಲಿಷಿಗೆ ತಂದದ್ದು 1919ರಲ್ಲಿ, ಮದನಪಲ್ಲಿಯ ಕಾಲೇಜಿನಲ್ಲಿ ಉಳಿದಿದ್ದಾಗ. ಅಲ್ಲಿಯ ಪ್ರಾಂಶುಪಾಲರ ಹೆಂಡತಿ ಮಾರ್ಗರೆಟ್ ಕಸಿನ್ಸ್ ಸ್ವರ ಬರೆದುಕೊಂಡರು. ಮದನಪಲ್ಲಿ ಎಲ್ಲಿದೆ? ನಮ್ಮ ಶ್ರೀನಿವಾಸಪುರದಿಂದ ಆಚೆ, ಗಡಿ ದಾಟಿದರೆ ಸಿಗುತ್ತೆ. ನಕ್ಷೆಯಲ್ಲಿ ಮಕ್ಕಳಿಗೆ ತೋರಿಸಿ. ಹಾಡು ಎಲ್ಲೋ ದಿಲ್ಲಿಯಿಂದ ಬಂದದ್ದಲ್ಲ ಅಂತ ಅವರಿಗೆ ಗೊತ್ತಾಗಲಿ. ಮೂರನೇ ನುಡಿಯನ್ನೂ ಒಮ್ಮೆ ಓದಿ ಹೇಳಿ. ಏಳುಬೀಳಿನ ದಾರಿ, ಯುಗಯುಗದಿಂದ ನಡೆಯುತ್ತಿರುವ ಯಾತ್ರಿಕರು, ರಥದ ಚಕ್ರದ ಸದ್ದು. ಅಷ್ಟು ಚಂದದ್ದನ್ನು ನಾವು ಹಾಡೋದೇ ಇಲ್ಲ.

ಬೆಂಗಳೂರಿನಿಂದ:

ಎಲ್ಲರೂ ಹೆಮ್ಮೆ ಹೇಳುತ್ತಿದ್ದೀರಿ. ನನಗೆ ಒಂದು ಕಹಿಯೂ ಇದೆ, ಹೇಳಿದರೆ ಬೇಜಾರಾಗಬೇಡಿ. 2016ರ ನವೆಂಬರಿನಲ್ಲಿ ಸಿನಿಮಾ ಮಂದಿರಗಳಲ್ಲಿ ರಾಷ್ಟ್ರಗೀತೆ ಕಡ್ಡಾಯ ಅಂತ ಸುಪ್ರೀಂ ಕೋರ್ಟ್ ಆದೇಶ ಬಂತಲ್ಲ, ಅದರ ಮರುವರ್ಷ. ಅಪ್ಪನಿಗೆ ಮಂಡಿ ಆಪರೇಷನ್ ಆಗಿತ್ತು. ಎಷ್ಟೋ ದಿನದ ಮೇಲೆ ಒಂದು ಸಿನಿಮಾ ಅಂತ ಕರಕೊಂಡು ಹೋದೆ. ಗೀತೆ ಶುರುವಾದಾಗ ಅವರು ಮುಂದಿನ ಸೀಟು ಹಿಡಿದು ಏಳಲು ನೋಡುತ್ತಿದ್ದರು, ಅರ್ಧ ಎದ್ದಿದ್ದರು. ಹಿಂದಿನಿಂದ ಯಾರೋ 'ಏಳ್ರೀ, ಯಾವ ದೇಶದವ್ರು ನೀವು' ಅಂದರು. ಅಪ್ಪ 1965ರ ಯುದ್ಧದ ಕಾಲದಲ್ಲಿ ಸೈನ್ಯದಲ್ಲಿದ್ದವರು. ಏನೂ ಅನ್ನಲಿಲ್ಲ. ಸಿನಿಮಾ ಪೂರ್ತಿ ನೋಡಿದರು. ಆಟೋದಲ್ಲಿ ಬರುವಾಗ 'ಇಂಟರ್ವಲ್ ಕಾಫಿ ಚೆನ್ನಾಗಿರಲಿಲ್ಲ' ಅಂದರು, ಅಷ್ಟೇ. ಆಮೇಲೆ ಥಿಯೇಟರ್ ಕಡೆ ತಲೆ ಹಾಕಲಿಲ್ಲ. 2018ರ ಜನವರಿಯಲ್ಲಿ ಕೋರ್ಟೇ ಕಡ್ಡಾಯ ಅಲ್ಲ ಅಂದಿತು, ಅದನ್ನು ಪೇಪರಿನಲ್ಲಿ ಓದಿ ಮಡಚಿಟ್ಟರು.

ಟೀಚರ್, ಹಾಡದೆ ಸುಮ್ನೆ ನಿಲ್ಲುವ ಮಗು ಇದ್ದರೆ ಹೊಡೆಯಬೇಡಿ, ಬೈಯಬೇಡಿ. ಕೇರಳದಲ್ಲಿ ಮೂವರು ಮಕ್ಕಳು ತಮ್ಮ ಧರ್ಮದ ಕಾರಣಕ್ಕೆ ಹಾಡದೆ ಗೌರವದಿಂದ ನಿಂತಿದ್ದರು. ಶಾಲೆಯಿಂದ ಹೊರಗೆ ಹಾಕಿದರು. ಅದು ತಪ್ಪು ಅಂತ 1986ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ.

ಮಡಿಕೇರಿ ಹತ್ತಿರದ ಕಾಫಿ ತೋಟದಿಂದ:

ನಿಮ್ಮ ತಂದೆಗೆ ನನ್ನ ನಮಸ್ಕಾರ ತಿಳಿಸಿ.

ನನ್ನದು ಚಿಕ್ಕದು. 1980ರ ಮಾಸ್ಕೋ ಒಲಿಂಪಿಕ್ಸ್ ಹಾಕಿ ಫೈನಲ್, ಸ್ಪೇನ್ ವಿರುದ್ಧ 4–3. ನಮ್ಮ ಕೊಡಗಿನ ಸೋಮಯ್ಯ ತಂಡದಲ್ಲಿದ್ದರು. ರೇಡಿಯೋ ಸುತ್ತ ಹದಿನೈದು ಜನ, ತೋಟದಲ್ಲಿ ಕೆಲಸ ನಿಂತೇಹೋಯಿತು. ಅದಾದ ಮೇಲೆ ಒಲಿಂಪಿಕ್ಸ್ ಪದಕ ವೇದಿಕೆಯಲ್ಲಿ ನಮ್ಮ ಗೀತೆ ಮತ್ತೆ ಕೇಳಿದ್ದು 2008ರ ಆಗಸ್ಟ್ 11ಕ್ಕೆ, ಅಭಿನವ್ ಬಿಂದ್ರಾ ಗೆದ್ದಾಗ. 28 ವರ್ಷ! ರೇಡಿಯೋ ಸುತ್ತ ಇದ್ದ ಹದಿನೈದು ಜನರಲ್ಲಿ ಆಗ ಉಳಿದಿದ್ದವರು ಆರು. ದಿನಾ ಹಾಡಿದರೆ ಮಗ್ಗಿ ಆಗುತ್ತೆ ಮೇಡಂ. ಕಾಯ್ದು ನೋಡಿ.

ಕ್ಯಾಲಿಫೋರ್ನಿಯಾದಿಂದ, ಇಬ್ಬರು ಮಕ್ಕಳ ಅಮ್ಮ:

ಅಮೆರಿಕದ ಗೀತೆ ಮಕ್ಕಳಿಗೆ ಬೇಡ. ಒಂದೂವರೆ ಸ್ಥಾಯಿ ಓಡಾಡುತ್ತೆ, ದೊಡ್ಡ ದೊಡ್ಡ ಗಾಯಕರೇ ಸ್ಟೇಡಿಯಂನಲ್ಲಿ ಎಡವುತ್ತಾರೆ. 1814ರ ಯುದ್ಧದಲ್ಲಿ ಇಂಗ್ಲಿಷರ ಫಿರಂಗಿ ದಾಳಿ ನೋಡಿ ಬರೆದ ಪದ್ಯಕ್ಕೆ ಇಂಗ್ಲಿಷರದ್ದೇ ಕ್ಲಬ್ ಹಾಡಿನ ರಾಗ. ತಮಾಷೆ ಅಲ್ವಾ?

ಆದರೆ ಅನುಭವ ಹೇಳದೇ ಇರಲಾರೆ. ನಾನು ಪೌರತ್ವ ತಗೊಂಡ ದಿನ ದೊಡ್ಡ ಹಾಲ್‌ನಲ್ಲಿ ನೂರಾರು ಜನ. ಬಾಗಿಲಲ್ಲೇ ಕೈಗೊಂದು ಪುಟ್ಟ ಬಾವುಟ ಕೊಟ್ಟರು. ಅಮ್ಮ ಊರಿನಿಂದ ಬಂದಿದ್ದರು, ಸಂದರ್ಶಕರ ಸೀಟಿನಲ್ಲಿ ಕೂತಿದ್ದರು. ಗೀತೆ ಬಂತು, ಎಲ್ಲರೂ ಎದ್ದೆವು, ಎದೆ ಮೇಲೆ ಕೈ. ನನಗೆ ಖುಷಿಯಾಗಬೇಕಿತ್ತು. ಹದಿನಾಲ್ಕು ವರ್ಷ ಕಾದಿದ್ದೆ. ತಿರುಗಿ ನೋಡಿದರೆ ಅಮ್ಮನೂ ಎದ್ದು ನಿಂತಿದ್ದಾರೆ, ಸೆರಗು ಹೊದ್ದು, ಎರಡೂ ಕೈ ಕೆಳಗೆ, ಶಾಲೆಯಲ್ಲಿ ಸಾವಧಾನ್ ನಿಂತ ಹಾಗೆ. ಅವರಿಗೆ ಗೊತ್ತಿರುವುದು ಹಾಗೆ ನಿಲ್ಲೋದೊಂದೇ. ನನ್ನ ಕೈ ಎದೆಯಿಂದ ತಾನೇ ಕೆಳಗೆ ಬಂತು. ನಾನೂ ಅಮ್ಮನ ಹಾಗೇ ನಿಂತೆ.

ಆಮೇಲೆ ಹಳೆಯ ಪಾಸ್‌ಪೋರ್ಟ್ ಕಾನ್ಸುಲೇಟಿಗೆ ಕಳಿಸಿದೆ, ರದ್ದಾಗಿ ವಾಪಸ್ ಬಂತು. ಬೀರುವಿನಲ್ಲಿ ಒಡವೆ ಡಬ್ಬಿಯ ಕೆಳಗಿದೆ. ಈಗ ಆಗಸ್ಟ್ 15ಕ್ಕೆ ಕನ್ನಡ ಕೂಟದಲ್ಲಿ ಜನಗಣಮನ ಹಾಡುವಾಗ ನನ್ನ ಮಕ್ಕಳು ಎದೆ ಮೇಲೆ ಕೈ ಇಡುತ್ತಾರೆ. ನಾನು ಇಳಿಸೋದಿಲ್ಲ.

ಟೀಚರ್, ಹತ್ತು ದಿನ ಬಿಟ್ಟು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಏನೇನಾಯಿತು ಅಂತ ಹೇಳುತ್ತೇನೆ.

ಸ್ಟಿಕರ್ ಕೆಲಸ ಮಾಡಿತು ಮೇಷ್ಟ್ರೇ. ನಮ್ಮ ಮಕ್ಕಳು ನಾನು ಅಂದುಕೊಂಡದ್ದಕ್ಕಿಂತ ಎರಡು ಮನೆ ಕೆಳಗೆ ಹಾಡಬೇಕಿತ್ತು. ಮೆಟ್ಟಿಲಾಟ ಕ್ಲಾಸಿನಲ್ಲಿ ಹಿಟ್ ಆಗಿದೆ, ಈಗ ಕಾರಿಡಾರಿನಲ್ಲೂ ಕೈ ಇಳಿಸಿ ಏರಿಸಿ 'ಜಯ ಹೇ' ಅನ್ನುತ್ತಾ ಓಡಾಡುತ್ತಾರೆ. ಹೆಡ್‌ಮಾಸ್ಟರಿಗೆ ಇದು ಅಗೌರವ ಅಲ್ವಾ ಅಂತ ಅನುಮಾನ. ನೋಡೋಣ.

ಸಾಲು ಸಾಲಾಗಿ ಅರ್ಥ ಹೇಳಿದೆ. ಪಂಜಾಬ, ಸಿಂಧು, ಗುಜರಾತ ಎಲ್ಲ ನಕ್ಷೆಯಲ್ಲಿ ಬೆರಳಿಟ್ಟು ತೋರಿಸಿದರು. ಆಗ ಹುಲ್ಲುಕಡ್ಡಿ ಹುಡುಗ ಎದ್ದ. 'ಮಿಸ್, ಕರ್ನಾಟಕ ಎಲ್ಲಿ?' ಅಂದ. 'ದ್ರಾವಿಡ ಅಂದ್ರೆ ನಾವೂ ಸೇರಿದ ಹಾಗೇ ಕಣೋ' ಅಂದೆ. 'ಹಂಗಾದ್ರೆ ಅಲ್ಲಿ ಜೋರಾಗಿ ಹೇಳ್ಬೇಕಲ್ವಾ?' ಅಂದ. ಮಾರನೇ ದಿನ ಬೆಳಿಗ್ಗೆ 'ದ್ರಾವಿಡ' ಬಂದಾಗ 32 ಮಕ್ಕಳೂ ಕೂಗಿದ ಸದ್ದಿಗೆ ಹೆಂಚಿನ ಮೇಲಿದ್ದ ಪಾರಿವಾಳ ಎಲ್ಲ ಎದ್ದವು. ತಪ್ಪು ಅಂತ ಗೊತ್ತು, ಒಂದು ಪದವನ್ನು ಹಾಗೆ ಎತ್ತಿ ಹೇಳಬಾರದು. ಆವತ್ತು ಬೇಳೆ ಲೆಕ್ಕ ಮಾತ್ರ ನೆನಪಾಗಲಿಲ್ಲ.

ಬೇರೆ ದೇಶದ್ದು ಎರಡು ಆರಿಸಿದ್ದೇವೆ. ಕೀನ್ಯಾ ಆಗಲೇ ಬಾಯಿಗೆ ಬಂದಿದೆ. ಜೋಗುಳ ಅಂದಿದ್ದಕ್ಕೆ ಒಬ್ಬಳು ಮನೆಯಲ್ಲಿ ತಮ್ಮನನ್ನು ಅದರಲ್ಲೇ ಮಲಗಿಸಿದಳಂತೆ. ಇನ್ನೊಂದು ವೇಲ್ಸ್, ಪಲ್ಲವಿ ಮಾತ್ರ. 'ಹಳೆಯ ಭಾಷೆ ಉಳಿಯಲಿ' ಅನ್ನೋ ಸಾಲನ್ನು ಕನ್ನಡದಲ್ಲಿ ಬೋರ್ಡ್ ಮೇಲೆ ಬರೆದಿದ್ದೇನೆ. ದಕ್ಷಿಣ ಆಫ್ರಿಕಾದ್ದು ಕತೆಯಾಗಿ ಹೇಳುತ್ತೇವೆ, ಎಡಗಡೆಯವರು ಬಲಗಡೆಯವರು ಅಂತ ಇಬ್ಬರು ಹುಡುಗರು ನಿಂತು ತೋರಿಸುತ್ತಾರೆ.

ಡಾಕ್ಟ್ರೇ, ಆ 'ಗ್ವ್ಲಾದ್' ನಮ್ಮ ಮಕ್ಕಳ ಬಾಯಲ್ಲಿ 'ಗುಲಾಬ್' ಆಗುತ್ತಿದೆ. ನಿಮ್ಮ ಮಗಳ ಕೈಲಿ ನಿಧಾನಕ್ಕೆ ಹೇಳಿಸಿ ರೆಕಾರ್ಡ್ ಮಾಡಿ ಕಳಿಸ್ತೀರಾ? ಶನಿವಾರ ಬೆಳಗಿನ ಶಾಲೆ, ಅಷ್ಟರೊಳಗೆ ಸಿಕ್ಕರೆ ಸಾಕು.

ಕಾರ್ಡಿಫ್‌ನ ಡಾಕ್ಟರ್:

ಕಳಿಸಿದ್ದೇನೆ ಮೇಡಂ. ಕೊನೆಗೆ 'ಥ್ಯಾಂಕ್ಯೂ' ಬದಲು 'ಹೋಗ್ಬರ್ತೀನಿ ಅಕ್ಕಾ' ಅಂದಿದ್ದಾಳೆ. ನಾನು ಹೇಳಿಕೊಟ್ಟಿದ್ದಲ್ಲ.